ಗುಡಿ ಕಟ್ಟೆಯೇ ಅವಳ ಬಿ.ಎಡ್

ಹೈಸ್ಕೂಲಿನಲ್ಲಿ ಪಾಠ ಮಾಡಬೇಕೆಂದರೆ ಬಿ.ಎಡ್ ಬೇಕು. ಕೃಷಿ ಕಾಲೇಜಿನಲ್ಲಿ ಪಾಠ ಮಾಡೋಕೆ? ಬಿಎಸ್ಸಿ 4 ವರ್ಷ, ಎಂಎಸ್ಸಿ 2, ಅದರ ಮೇಲೆ ಎನ್‌ಇಟಿ ಪರೀಕ್ಷೆ, ಇಲ್ಲವೇ ಕಡಿಮೆ ಅಂದರೂ 3 ವರ್ಷದ ಪಿಎಚ್‌ಡಿ. ಇಷ್ಟೆಲ್ಲ ಓದಿದವರನ್ನೂ ‘ಪಾಠ ಮಾಡೋದು ಕಲಿತಿದ್ದೀರಾ?’ ಅಂತ ಕೇಳುವ ಡಿಗ್ರಿ ಮಾತ್ರ ಇಲ್ಲ. ಇದು ನನಗೆ ಗೊತ್ತಾಗಿದ್ದು ನಮ್ಮ ಕಾಕಾನ ಮಗಳು ‘ನಾ ಪ್ರೊಫೆಸರ್ ಆಗ್ತೀನಿ’ ಅಂತ ಹಟ ಹಿಡಿದಾಗ.

ನಮ್ಮದು ಸಿಂಧನೂರು ಕಡೆಯ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ. ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ತಂಗಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿಗೆ ಸೇರಿದಳು. ಕೋರ್ಸ್ ಮುಗಿಯುವ ಹೊತ್ತಿಗೆ ಒಂದು ಕೀಟನಾಶಕ ಕಂಪನಿಯ ಕೆಲಸ ಕೈಗೆ ಬಂದಿತ್ತು. ಇವಳು ಬೇಡ ಅಂದಳು.

ಕಾಕಾ ನನಗೆ ಫೋನ್ ಮಾಡಿದರು. “ಇನ್ನ ಐದು ವರ್ಷ ಓದಿದ್ರ ಮದುವಿ ಯಾವಾಗ, ಸಾಲ ತೀರೋದು ಯಾವಾಗ? ನೀನಾರ ಒಂದ್ ಮಾತು ಹೇಳಪಾ ತಮ್ಮ.”

ನಾನು ಅವಳಿಗೆ ಬುದ್ಧಿ ಹೇಳಲಿಲ್ಲ. ಪಾಠ ಮಾಡೋ ಆಸೆ ಎಲ್ಲಿಂದ ಬಂತು ಅಂತ ಕೇಳಿದೆ. ಕ್ಲಾಸಿನಿಂದಲ್ಲ, ಮಸ್ಕಿ ಹತ್ತಿರದ ಒಂದು ಹಳ್ಳಿಯಿಂದ ಅಂದಳು.

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಅಂತ ಇರುತ್ತೆ. ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಹಳ್ಳಿಯಲ್ಲೇ ಉಳಿಯಬೇಕು. ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಹಳ್ಳ, ಹೊಲ, ಬಾವಿ ಎಲ್ಲಿವೆ ಅಂತ ಊರವರಿಂದಲೇ ಗುರುತು ಹಾಕಿಸಬೇಕು. ಬೀಜೋಪಚಾರ, ಮಣ್ಣು ಪರೀಕ್ಷೆ ಎಲ್ಲವನ್ನೂ ರೈತರ ಎದುರೇ ಮಾಡಿ ತೋರಿಸಬೇಕು.

ಮಸ್ಕಿ ಅಂದರೆ ನಮಗೆ ನೆನಪಾಗೋದು 1915ರಲ್ಲಿ ಸಿಕ್ಕ ಅಶೋಕನ ಶಾಸನ. ಇವಳಿಗೆ ನೆನಪಿರೋದು ಒಬ್ಬ ಅಜ್ಜ.

ಅವತ್ತು ಕಡಲೆ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚುವ ಪ್ರಾತ್ಯಕ್ಷಿಕೆ. ಒಂದು ಕೆಜಿ ಬೀಜಕ್ಕೆ 4 ಗ್ರಾಂ ಪುಡಿ, ಸೊರಗು ರೋಗ ಬರದಂತೆ. ಪುಸ್ತಕದಲ್ಲಿದ್ದ ಹಾಗೇ ಹೇಳಿದಳು. ಯಾರ ಮುಖದಲ್ಲೂ ಏನೂ ಇಲ್ಲ. ಕೊನೆಗೆ ಕಟ್ಟೆ ಮೇಲಿದ್ದ ಅಜ್ಜ, “ನೆಟಿ ರೋಗ ಅನ್ನವ್ವ, ತಿಳೀತದ” ಅಂದರಂತೆ. ಆಮೇಲೆ ಎಲ್ಲರೂ ಹತ್ತಿರ ಬಂದರು. ಅಜ್ಜನ ಪ್ರಶ್ನೆ ಅಲ್ಲಿಗೆ ಮುಗೀಲಿಲ್ಲ. “ಅಂಗಡ್ಯಾಗ ತಂದ ಬೀಜಕ್ಕ ಮೊದ್ಲ ಬಣ್ಣದ ಔಷಧ ಹಚ್ಚ್ಯಾರ. ಅದರ ಮ್ಯಾಲ ನಿನ್ನ ಪುಡಿ ಹಚ್ಚಿದ್ರ ಎರಡೂ ಜಗಳಾಡಂಗಿಲ್ಲೇನು?”

ಅವಳಿಗೆ ಗೊತ್ತಿರಲಿಲ್ಲ. “ಕೇಳಿ ಹೇಳ್ತೀನಜ್ಜ” ಅಂದಳು. ರಾತ್ರಿ ತನ್ನ ಮೇಷ್ಟ್ರಿಗೆ ಫೋನ್ ಹಚ್ಚಿದಳು. ಅಜ್ಜನ ಅನುಮಾನ ಸರಿಯಾಗಿಯೇ ಇತ್ತು. ಟ್ರೈಕೋಡರ್ಮಾ ಜೀವ ಇರುವ ಶಿಲೀಂಧ್ರ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಹಚ್ಚಿದ ಬೀಜದ ಮೇಲೆ ಅದು ಬದುಕೋದು ಕಷ್ಟ. ಅಂಥ ಬೀಜ ಇದ್ದರೆ ಪುಡಿಯನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹೊಲಕ್ಕೆ ಹಾಕೋದು ಒಳ್ಳೇದು. ಮರುದಿನ ಬೆಳಿಗ್ಗೆ ಮತ್ತೆ ಕಟ್ಟೆಗೆ ಹೋಗಿ ಇದನ್ನೇ ಹೇಳಿದಳು. ಈ ಸಲ ಪುಸ್ತಕದ ಮಾತಲ್ಲ, ಅಜ್ಜನ ಮಾತಲ್ಲಿ.

“ಅವತ್ತೇ ಗೊತ್ತಾತು ಅಣ್ಣ, ನಂಗ ಈ ಕೆಲಸಾನೇ ಬೇಕು ಅಂತ” ಅಂದಳು.

ಕೃಷಿ ಮೇಷ್ಟ್ರಾಗೋದು ಎಷ್ಟು ಕಷ್ಟ ಅಂತ ತಿಳಿಯೋಕೆ ನಮ್ಮ ಮೂರು ತಾಲ್ಲೂಕು ಸಾಕು. ಸಿಂಧನೂರಿನಲ್ಲಿ ನೀರು ಹೆಚ್ಚಾಗಿದ್ದೇ ತೊಂದರೆ. ಕಪ್ಪು ಮಣ್ಣಿನಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ, ಅದರ ಜೊತೆ ಉಪ್ಪೂ ಮೇಲೆ ಬಂದು ಹೊಲ ಸವಳಾಗುತ್ತೆ. ಅಲ್ಲಿಂದ ಮಸ್ಕಿ ಕಡೆಯ ಖುಷ್ಕಿ ಹೊಲಗಳಿಗೆ ಬಂದರೆ ಜೋಳ, ಕಡಲೆ, ತೊಗರಿ. ಎಲ್ಲರ ಕಣ್ಣು ಆಕಾಶದ ಕಡೆ. ಲಿಂಗಸುಗೂರಿನಲ್ಲಿ ಎರಡೂ ಇವೆ: ಒಂದು ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಕೃಷ್ಣಾ ನೀರು, ಇನ್ನೊಂದು ಕಡೆ ಮಳೆ ನಂಬಿದ ಹೊಲ. ಸಿಂಧನೂರಿನ ಪಾಠವನ್ನು ಮಸ್ಕಿಯಲ್ಲಿ ಒಪ್ಪಿಸೋಕಾಗಲ್ಲ.

ನನ್ನ ಕೆಲಸದಲ್ಲಿ ಹೊಸ ಕೋಡ್ ಕೈಕೊಟ್ಟರೆ ಹಳೇ ವರ್ಷನ್ನಿಗೆ ವಾಪಸ್ ಹೋಗ್ತೀವಿ. ಬಿತ್ತನೆ ಕೈಕೊಟ್ಟರೆ ರೈತನ ಆ ಹಂಗಾಮು ಹೋಯ್ತು. ಮೇಷ್ಟ್ರು ಕಲಿಸಿದ್ದನ್ನು ಅವರ ವಿದ್ಯಾರ್ಥಿಗಳು ನಾಳೆ ರೈತ ಸಂಪರ್ಕ ಕೇಂದ್ರದಲ್ಲಿ ಕೂತು ಹೇಳ್ತಾರೆ. ಹಾಗಾಗಿ ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅಂದು, ನಿಜವಾಗಿಯೂ ಕೇಳಿ, ಮರುದಿನ ವಾಪಸ್ ಹೋಗಿ ಹೇಳುವವರು ಆ ಕ್ಲಾಸ್‌ರೂಮಿಗೆ ಬೇಕು. ಅದನ್ನು ಕಲಿಸಿದ್ದು ಆ ಕಟ್ಟೆ.

ಎಂಎಸ್ಸಿ ಫೀಸ್ ನಾನು ಕಟ್ತೀನಿ ಅಂತ ಕಾಕಾನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಮೊದ್ಲ ನಮ್ಮ ಸವಳು ಹೊಲಕ್ಕ ಏನರ ಮಾಡಂತ ಹೇಳು” ಅಂದರು. ಒಪ್ಪಿಗೆಯೋ ಪರೀಕ್ಷೆಯೋ ತಿಳೀಲಿಲ್ಲ.

ಹೋದ ಭಾನುವಾರ ಅವಳು ಸಲಿಕೆ ಹಿಡಿದು ಹೊಲಕ್ಕೆ ಹೋಗಿದ್ದಳು. ಅಲ್ಲಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೆಗೆದು, ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಪಾಲು ಬಿಡುತ್ತಾ ಅರ್ಧ ಕೆಜಿ ಉಳಿಸಿ ಚೀಲಕ್ಕೆ ತುಂಬಿದಳು. ಕಾಕಾ ಬದುವಿನ ಮೇಲೆ ನಿಂತು ಒಂದಾದ ಮೇಲೊಂದು ಪ್ರಶ್ನೆ ಕೇಳಿದರಂತೆ. ಮೂರಕ್ಕೆ ಅಲ್ಲೇ ಉತ್ತರ ಕೊಟ್ಟಳು. ನಾಲ್ಕನೆಯದಕ್ಕೆ, “ಕೇಳಿ ಹೇಳ್ತೀನಪ್ಪ” ಅಂದಳು.