ಶಿಕಾರಿಪುರದಿಂದ ಸೊರಬಕ್ಕೆ, ಮಿಸ್ಸಿಂಗ್ ಗಾಡಿಯಲ್ಲಿ

ಶಿಕಾರಿಪುರ, ಸೊರಬ ಅಂದ ತಕ್ಷಣ ಬೆಂಗಳೂರಿನ ನನ್ನ ಆಫೀಸ್ ಗೆಳೆಯರಿಗೆ ನೆನಪಾಗೋದು ಚುನಾವಣೆ. ಒಂದು ಯಡಿಯೂರಪ್ಪನವರ ಕ್ಷೇತ್ರ, ಇನ್ನೊಂದು ಬಂಗಾರಪ್ಪನವರದ್ದು. ಅಕ್ಕಪಕ್ಕದ ಎರಡು ತಾಲ್ಲೂಕು, ಇಬ್ಬರು ಮುಖ್ಯಮಂತ್ರಿಗಳು. ಸ್ವಲ್ಪ ಓದಿಕೊಂಡವರಿಗೆ ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಕದಂಬರ ತಾಳಗುಂದದ ಶಾಸನ ಗೊತ್ತಿರುತ್ತವೆ. ನನಗೆ ಮಾತ್ರ ಈ ನಲವತ್ತು ಕಿಲೋಮೀಟರ್ ಆಸುಪಾಸಿನ ರಸ್ತೆ ಅಂದರೆ ಸೋದರಮಾವನ ಲಗೇಜ್ ಗಾಡಿ.

ಶಿಕಾರಿಪುರ ಬಿಟ್ಟರೆ ಮೊದಲು ಮೆಕ್ಕೆಜೋಳದ ಹೊಲ, ನಡುನಡುವೆ ಅಡಿಕೆ ತೋಟ, ಕೆರೆ ಏರಿ. ಅರ್ಧ ದಾರಿಗೆ ಶಿರಾಳಕೊಪ್ಪ. ಅಲ್ಲಿಂದ ಸೊರಬದ ಕಡೆ ತಿರುಗಿದ ಮೇಲೆ ಹಸಿರು ದಟ್ಟವಾಗುತ್ತಾ ಹೋಗುತ್ತದೆ. ಭತ್ತ, ಶುಂಠಿ, ಅನಾನಸ್. ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸೋಕೆ ಆಗಲ್ಲ. ಕಿಟಕಿಯಿಂದ ಬರುವ ಗಾಳಿ ಬದಲಾದಾಗ ಗೊತ್ತಾಗುತ್ತದೆ ಅಷ್ಟೇ.

ಮಾವನ ಗಾಡಿ ಪೆಟ್ರೋಲಿನದು, ನಾಲ್ಕು ಸಿಲಿಂಡರ್. "ಲಗೇಜ್ ಗಾಡಿ ಅಂದ್ರೆ ಡೀಸೆಲ್ ಅಲ್ವಾ?" ಅಂತ ನೀವು ಕೇಳಬಹುದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಡೀಸೆಲ್ ಹೊಗೆಯನ್ನು ಆ ಮಟ್ಟಕ್ಕೆ ಶುದ್ಧ ಮಾಡುವ ಸಾಮಾನು ಸಣ್ಣ ಗಾಡಿಗೆ ದುಬಾರಿಯಾಗುತ್ತದೆ. ಹಾಗಾಗಿ ಸಣ್ಣ ಗೂಡ್ಸ್ ಗಾಡಿಗಳಲ್ಲಿ ಪೆಟ್ರೋಲ್, ಸಿಎನ್‌ಜಿ ಎಂಜಿನ್ ಹೆಚ್ಚಾದವು. ಡ್ರೈವರ್ ಸೀಟು ಎತ್ತಿದರೆ ಕೆಳಗೇ ಎಂಜಿನ್.

ಕಳೆದ ಸಲ ಊರಿಗೆ ಹೋದಾಗ ಆ ಎಂಜಿನ್ ಮಿಸ್ಸಿಂಗ್ ಹೊಡೀತಿತ್ತು. ನಿಂತಲ್ಲೇ ಗಡಗಡ ನಡುಗೋದು, ಏರಿನಲ್ಲಿ ಎಳೆಯದೇ ಇರೋದು, ಲೋಡ್ ಬಿದ್ದಾಗ ಮೀಟರಿನಲ್ಲಿ ಹಳದಿ ಎಂಜಿನ್ ಲೈಟು ಮಿಣಿಮಿಣಿ ಅನ್ನೋದು. ಬೇರೊಂದು ಊರಿನ ಗ್ಯಾರೇಜಿನಲ್ಲಿ ತೋರಿಸಿದ್ದರಂತೆ. ನಾಲ್ಕು ಕಾಯಿಲ್, ನಾಲ್ಕು ಇಂಜೆಕ್ಟರ್, ನಾಲ್ಕು ಪ್ಲಗ್, "ಸೆಟ್ಟಿಗೆ ಸೆಟ್ಟೇ ಹಾಕಿಬಿಡಿ" ಅಂತ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಗಾಡಿ ಸಾಲದ ಎರಡು ಕಂತಿಗಿಂತ ಜಾಸ್ತಿ ಮೊತ್ತ. ಇನ್ನೂ ಹದಿನಾಲ್ಕು ಕಂತು ಬಾಕಿ ಇತ್ತು. ಅವತ್ತು ರಾತ್ರಿ ಸೊರಬದ ಕಡೆಯ ತೋಟವೊಂದರಿಂದ ಅನಾನಸ್ ತುಂಬಿಕೊಂಡು ಬೆಳಗಾಗುವುದರೊಳಗೆ ಶಿವಮೊಗ್ಗ ಮುಟ್ಟಬೇಕಿತ್ತು. ಹಣ್ಣು ಕಾಯಲ್ಲ. ವ್ಯಾಪಾರಿಯೂ ಕಾಯಲ್ಲ, ಒಂದು ಸಲ ತಪ್ಪಿದರೆ ಮುಂದಿನ ಸಲ ಬೇರೆ ಗಾಡಿಗೆ ಫೋನ್ ಹೋಗುತ್ತದೆ.

ಬೆಳಿಗ್ಗೆ ಖಾಲಿ ಗಾಡಿಯಲ್ಲೇ ಹೊರಟೆವು. ಶಿರಾಳಕೊಪ್ಪದಲ್ಲಿ ಮಾವನಿಗೆ ಗೊತ್ತಿದ್ದ ಒಬ್ಬ ಮೇಸ್ತ್ರಿಯ ಗ್ಯಾರೇಜ್ ಇತ್ತು. ತಗಡಿನ ಶೆಡ್ಡು, ಒಂದು ಹಲಗೆ, ಗೋಡೆಗೆ ಸಾಲಾಗಿ ಪಾನಾಗಳು. ಮೇಸ್ತ್ರಿಗೆ ಐವತ್ತು ದಾಟಿರಬೇಕು.

ಅವರು ಬಾನೆಟ್ಟಿಗೂ ಕೈ ಹಾಕಲಿಲ್ಲ, ಸೀಟನ್ನೂ ಎತ್ತಲಿಲ್ಲ. ಮೊದಲು ಪ್ರಶ್ನೆ. "ಯಾವಾಗ ಶುರುವಾತು ಅಣ್ಣ? ತಣ್ಣಗಿದ್ದಾಗ ಜಾಸ್ತಿನೋ, ಬಿಸಿಯಾದ ಮೇಲೋ? ಮಳೆ ಬಂದ ಮಾರನೇ ದಿನನಾ? ಪೆಟ್ರೋಲ್ ಎಲ್ಲಿ ಹಾಕಿಸ್ತೀರಿ?" ಮಾವ ಒಂದೊಂದಕ್ಕೂ ಉತ್ತರ ಕೊಟ್ಟರು. ಮಳೆಗೂ ಇದಕ್ಕೂ ಸಂಬಂಧ ಇಲ್ಲ, ಎಳೆಯುವಾಗಲೇ ಜಾಸ್ತಿ. ತೋಟದ ಒಳಗೆ ಹೋದಾಗ ಬಂಕ್ ದೂರ ಅಂತ ಡ್ರಮ್ಮಿನಲ್ಲಿಟ್ಟ ಪೆಟ್ರೋಲನ್ನೇ ಹಾಕಿಕೊಂಡಿದ್ದೂ ಉಂಟು.

ಆಮೇಲೆ ಸ್ಕ್ಯಾನರ್. ಅಂಗೈಯಗಲದ ಡಬ್ಬಿ, ಸ್ಟೇರಿಂಗ್ ಕೆಳಗಿನ ಕಪ್ಲರಿಗೆ ಚುಚ್ಚಿದರು. ಪರದೆ ಮೇಲೆ ಪಿ0302 ಅಂತ ಬಂತು. ಇದು ಎಲ್ಲ ಕಂಪನಿಗೂ ಒಂದೇ ಲೆಕ್ಕ: ಪಿ0300 ಅಂದರೆ ಮಿಸ್ಸಿಂಗ್ ಎಲ್ಲೆಂದರಲ್ಲಿ ಆಗ್ತಿದೆ ಅಂತ, ಕೊನೆಯ ಅಂಕಿ 2 ಇದ್ದರೆ ಎರಡನೇ ಸಿಲಿಂಡರಿನಲ್ಲಿ ಅಂತ.

"ಇದು ಮನೆ ನಂಬರ್ ಹೇಳ್ತದೆ ತಮ್ಮ, ಕಾಯಿಲೆ ಹೇಳಲ್ಲ" ಅಂದರು ಮೇಸ್ತ್ರಿ.

ಕಾಯಿಲೆ ಏನೇನಿರಬಹುದು? ಪೆಟ್ರೋಲ್ ಸಿಲಿಂಡರಿಗೆ ಮೂರೇ ಬೇಕು: ಒತ್ತಿದ ಗಾಳಿ, ಹದವಾದ ಪೆಟ್ರೋಲ್, ಸರಿಯಾದ ಗಳಿಗೆಗೆ ಒಂದು ಕಿಡಿ. ಕಿಡಿಗೆ ಕಾಯಿಲ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಅದು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುತ್ತದೆ. ಪೆಟ್ರೋಲಿಗೆ ಇಂಜೆಕ್ಟರ್. ಇಸಿಯು ಹೇಳಿದಷ್ಟು ಮಿಲಿಸೆಕೆಂಡ್ ಮಾತ್ರ ಬಾಯಿ ತೆರೆದು ಮಂಜಿನ ಹಾಗೆ ಸಿಂಪಡಿಸುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಇದು ನಡೆಯಬೇಕು. ಒಂದು ಕೈಕೊಟ್ಟರೂ ಉಳಿದ ಮೂರು ಸಿಲಿಂಡರ್ ಅದನ್ನು ಹೊತ್ತುಕೊಂಡೇ ನಡೀತವೆ. ಆ ನಡುಕವೇ ಮಿಸ್ಸಿಂಗ್.

ಸೀಟು ಎತ್ತಿ, ಎಂಜಿನ್ ಆರಲು ಬಿಟ್ಟು, ಮೇಸ್ತ್ರಿ ವೈರಿಂಗ್ ಮೇಲೆ ಬೆರಳಾಡಿಸಿದರು. ಇಲಿ ಕಡಿದಿದೆಯಾ, ಕಪ್ಲರ್ ಲಾಕ್ ಮುರಿದಿದೆಯಾ ಅಂತ. ಇರಲಿಲ್ಲ. ಎರಡನೆಯ ಕಾಯಿಲನ್ನು ಬಿಚ್ಚಿ ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡರ ಜಾಗಕ್ಕೆ ಹಾಕಿದರು. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ ಬಂದರು. ಮತ್ತೆ ಪಿ0302. ಕಾಯಿಲ್ ಕೆಟ್ಟಿದ್ದರೆ ಕಾಯಿಲೆಯೂ ಅದರ ಜೊತೆ ಮೂರನೇ ಮನೆಗೆ ಹೋಗಬೇಕಿತ್ತು, ಕೋಡ್ ಪಿ0303 ಆಗಬೇಕಿತ್ತು. ಆಗಲಿಲ್ಲ. ಅಂದರೆ ನಾಲ್ಕೂ ಕಾಯಿಲ್ ಹಾಕಿಸಿದ್ದರೂ ಗಾಡಿ ಹೀಗೇ ನಡುಗುತ್ತಿತ್ತು.

ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಇದು ಗೊತ್ತಿರೋ ಪಾಠವೇ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಏನಾಯ್ತು ನೋಡು, ಬರೆದಿಟ್ಟುಕೋ. ನಾವು ಎಸಿ ರೂಮಿನಲ್ಲಿ ರಿಲೀಸ್ ಹಿಂದಿನ ರಾತ್ರಿ ಇದನ್ನೇ ಮರೆತು ನಾಲ್ಕು ಕಡೆ ಒಟ್ಟಿಗೆ ಕೈ ಹಾಕುವವರನ್ನು ನೋಡಿರುತ್ತೇವೆ. ಮೇಸ್ತ್ರಿ ಶೆಡ್ಡಿನ ಕಂಬದ ಮೇಲೆ ಚಾಕ್‌ಪೀಸಿನಲ್ಲಿ ಬರೆದರು: ಕಾಯಿಲ್ 2-3, ಇಲ್ಲ.

ಮುಂದೆ ಪ್ಲಗ್. ನಾಲ್ಕನ್ನೂ ಬಿಚ್ಚಿ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಟ್ಟರು. ಮೂರರ ತುದಿ ಬಿಸ್ಕತ್ ಬಣ್ಣ. ಎರಡನೆಯದು ಮಾತ್ರ ಒಣ, ಬೆಳ್ಳಗೆ. "ನೋಡ್ರಿ, ಕಿಡಿ ಇಲ್ದಿದ್ರೆ ಇದು ಪೆಟ್ರೋಲಿನಲ್ಲಿ ಒದ್ದೆ ಆಗಿರ್ಬೇಕಿತ್ತು. ಒಣಗೈತೆ ಅಂದ್ರೆ ಹೊಟ್ಟೆಗೆ ಊಟನೇ ಸರಿಯಾಗಿ ಹೋಗ್ತಿಲ್ಲ." ಪ್ಲಗ್ಗನ್ನೂ ಅದಲುಬದಲು ಮಾಡಿ ನೋಡಿದರು, ಕೋಡ್ ಕದಲಲಿಲ್ಲ. ಕಂಪ್ರೆಷನ್ ಗೇಜ್ ಹಾಕಿದರು, ನಾಲ್ಕೂ ಸರಿಸುಮಾರು ಒಂದೇ. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ನನಗೂ ಕೇಳಿಸಿದರು. ಟಿಕ್ ಟಿಕ್ ಟಿಕ್, ನಾಲ್ಕರದ್ದೂ ಒಂದೇ ತಾಳ. ಕರೆಂಟ್ ಬರ್ತಿದೆ, ಸೂಜಿ ಏಳ್ತಿದೆ. ಬಾಯಿ ಕಟ್ಟಿರಬೇಕು.

ಇಲ್ಲಿಂದ ಮುಂದೆ ಅವರು ನಿಧಾನವಾದರು. ಪೆಟ್ರೋಲ್ ಪೈಪಿನಲ್ಲಿ 3–4 ಬಾರ್ ಒತ್ತಡ ಇರುತ್ತದೆ, ಹಾಗೇ ಬಿಚ್ಚಿದರೆ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ. ಗಾಡಿ ಸ್ಟಾರ್ಟ್ ಮಾಡಿ ಪಂಪಿನ ಫ್ಯೂಸ್ ಕಿತ್ತರು. ಪೈಪಿನಲ್ಲಿದ್ದದ್ದು ಮುಗಿದು ಎಂಜಿನ್ ತಾನಾಗೇ ನಿಂತಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಬೀಡಿ ಹಚ್ಚಲು ಹೊರಟಿದ್ದ ಒಬ್ಬರನ್ನು ರಸ್ತೆಯಾಚೆ ಕಳಿಸಿದರು. ಸುತ್ತಲಿನ ಧೂಳು ಊದಿದ ಮೇಲೆಯೇ ಇಂಜೆಕ್ಟರ್ ಕಿತ್ತದ್ದು. ಎರಡನ್ನೂ ಮೂರನ್ನೂ ಅದಲುಬದಲು ಮಾಡಿ, ಹೊಸ ಓ-ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೂರಿಸಿದರು. ಸ್ಟಾರ್ಟ್ ಮಾಡುವ ಮೊದಲು ಕೀ ಎರಡು ಸಲ ಆನ್ ಮಾಡಿ ಎಲ್ಲೂ ಸೋರುತ್ತಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿದರು.

ಈ ಸಲ ಪಿ0303. ಕಾಯಿಲೆ ಮನೆ ಬದಲಿಸಿತ್ತು. ಒಂದೇ ಒಂದು ಇಂಜೆಕ್ಟರ್.

ಶಿವಮೊಗ್ಗದ ಅಂಗಡಿಗೆ ಫೋನ್ ಹೋಯಿತು. ಮಲೆನಾಡಿನ ಕೊರಿಯರ್ ಅಂದರೆ ಬಸ್ಸು. ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳಿಸ್ತೀವಿ, ಕಂಡಕ್ಟರ್ ಹತ್ರ ಇಸ್ಕೊಳ್ಳಿ ಅಂದರು. ಮೇಸ್ತ್ರಿ ತಮ್ಮ ಬೈಕಿನ ಕೀ ಕೊಟ್ಟು, "ಬಳ್ಳಿಗಾವಿಗೆ ಹೋಗ್ಬನ್ನಿ, ಇಲ್ಲೇ ಎರಡ್ಮೂರು ಕಿಲೋಮೀಟರ್" ಅಂದರು.

ಕೇದಾರೇಶ್ವರ ದೇವಸ್ಥಾನದ ಹುಲ್ಲುಹಾಸಿನಲ್ಲಿ ಆ ಹೊತ್ತಿಗೆ ಜನ ಇರಲಿಲ್ಲ. ಮೂರು ಗರ್ಭಗುಡಿಯ ಗುಡಿ. ಇಲ್ಲಿದ್ದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದು ಹೇಳುತ್ತದೆ: ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಜಾಗವೇ ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಇಕ್ಕುವ ಜಾಗವೂ ಆಗಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗವೂ ಆಗಿತ್ತು. ಓದು ಬೇರೆ, ಕೈಯಿಂದ ಮಾಡುವ ಉಪಚಾರ ಬೇರೆ ಅನ್ನುವ ಗೋಡೆ ಆ ಮಠದೊಳಗೆ ಇರಲಿಲ್ಲ ಅಂತ ಕಾಣುತ್ತದೆ.

ಮಾವ ಮೆಟ್ಟಿಲ ಮೇಲೆ ಕೂತು ಹೇಳಿದರು: "ಗಾಡಿ ಕೊಟ್ಬಿಡಣ ಅಂತ ಒಬ್ರ ಹತ್ರ ಮಾತಾಡಿದ್ದೆ ಕಣೋ. ನಿಮ್ಮತ್ತೆಗೆ ಹೇಳಿಲ್ಲ." ಕೊಟ್ಟು ಏನು ಮಾಡ್ತೀರಿ ಅಂದೆ. "ನಿಮ್ಮ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಜನ ಬೇಕಂತಲ್ಲ." ನನ್ನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ದಿನಾ ಸೆಲ್ಯೂಟ್ ಹೊಡೆಯುವವರ ಮುಖ ಕಣ್ಣೆದುರು ಬಂತು. ಅವರಲ್ಲಿ ಎಷ್ಟು ಜನ ಹೀಗೆ ಒಂದು ತಪ್ಪು ಎಸ್ಟಿಮೇಟಿನಿಂದ ಊರು ಬಿಟ್ಟವರೋ.

ವಾಪಸ್ ಬಂದಾಗ ಶೆಡ್ಡಿನಲ್ಲಿ ಒಂದು ಪೆಟ್ರೋಲ್ ಕಾರು ನಿಂತಿತ್ತು. ಮಳೆ ಬಂದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್. ಪಿ0301. ಅದೇ ಕ್ರಮ: ಕಾಯಿಲ್ ಬದಲಿಸಿ, ಪ್ಲಗ್ ಜಾಗಕ್ಕೆ ನೀರು ಚಿಮುಕಿಸದೆ ಹಾಗೇ ಓಡಿಸಿ ನೋಡಿದ್ದರಂತೆ. ಮೊದಲ ಸುತ್ತಿಗೇ ಕೋಡ್ ಪಿ0302ಕ್ಕೆ ಹಾರಿತ್ತು. ಕಾಯಿಲಿನ ರಬ್ಬರ್ ಬೂಟು ಸೀಳಿ, ಕಿಡಿ ಪಕ್ಕಕ್ಕೆ ಹಾರಿದ ಕಪ್ಪು ಗೆರೆ ಬಿದ್ದಿತ್ತು. ಅಲ್ಲಿ ಪ್ಲಗ್ ಒದ್ದೆ. ಒಂದು ಕಾಯಿಲ್, ಒಂದು ಬೋಲ್ಟ್, ಕೆಲಸ ಮುಗೀತು. ಎರಡು ಗಾಡಿಯದೂ ಒಂದೇ ನಡುಕ, ಕಾರಣ ಮಾತ್ರ ಬೇರೆ ಬೇರೆ.

ಡೀಸೆಲ್ ಲಾರಿಗೂ ಹೀಗೇನಾ ಅಂತ ಕೇಳಿದೆ. ಮೇಸ್ತ್ರಿ ಕೈ ಆಡಿಸಿದರು. ಡೀಸೆಲ್‌ನಲ್ಲಿ ಕಾಯಿಲೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಹೊತ್ತಿಕೊಳ್ಳುತ್ತದೆ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1,600 ಬಾರ್ ಮೇಲೂ ಹೋಗುತ್ತದೆ, ಸೋರುವ ಜಾಗಕ್ಕೆ ಬೆರಳಿಟ್ಟರೆ ಚರ್ಮದೊಳಗೇ ನುಗ್ಗುತ್ತದೆ. ಅನೇಕ ಎಂಜಿನ್‌ಗಳಲ್ಲಿ ಹೊಸ ಇಂಜೆಕ್ಟರಿನ ಮೇಲಿರುವ ಕೋಡನ್ನು ಇಸಿಯುಗೆ ಬರೆಯದೆ ಕೆಲಸ ಪೂರ್ತಿ ಆಗಲ್ಲ. "ಅದಕ್ಕೆ ಪಂಪಿನ ಕೆಲಸದೋರೇ ಬೇಕು. ನಾನು ಬಿಚ್ಚಲ್ಲ." ಗೊತ್ತಿಲ್ಲದ್ದಕ್ಕೆ ಕೈ ಹಾಕದಿರುವುದೂ ಅವರ ಕಸುಬಿನ ಭಾಗವೇ. ಹೊಸ ಪ್ಲಗ್ ಪೊಟ್ಟಣ ತೋರಿಸುತ್ತಾ ಅವರು ಇನ್ನೂ 'ಮೈಕೋ' ಅಂತಲೇ ಅನ್ನುತ್ತಿದ್ದರು. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಆಯಿತು. ನಾವು ಬಾಡಿಗೆ ಕಟ್ಟುವ ಮೈಕೋ ಲೇಔಟ್ ಹೆಸರು ಅಲ್ಲಿಂದಲೇ ಬಂದದ್ದು.

ಮೂರು ಗಂಟೆಗೆ ಕಂಡಕ್ಟರ್ ಕೈಯಿಂದ ಸಣ್ಣ ಪೊಟ್ಟಣ ಬಂತು. ಇಂಜೆಕ್ಟರ್ ಕೂತಿತು, ನಡುಕ ನಿಂತಿತು. ಮಾವ ಕೀ ತೆಗೆದುಕೊಳ್ಳಲು ಹೋದರೆ ಮೇಸ್ತ್ರಿ ಕೊಡಲಿಲ್ಲ. ಡ್ರಮ್ಮಿನ ಪೆಟ್ರೋಲಿನ ಮಾತು ಅವರಿಗೆ ಮರೆತಿರಲಿಲ್ಲ. ಟ್ಯಾಂಕಿನ ತಳ ನೋಡಿದರೆ ತುಕ್ಕಿನ ಪುಡಿ, ನೀರು. ಅದನ್ನು ತೊಳೆದು, ಪಂಪಿನ ಜಾಲರಿ, ಫಿಲ್ಟರ್ ಬದಲಿಸಿದರು. "ಇಂಜೆಕ್ಟರ್ ಹಾಕಿ ಇದನ್ನ ಬಿಟ್ರೆ ನೀವು ಮೂರ್ತಿಂಗಳಿಗೆ ಮತ್ತೆ ನನ್ನತ್ರನೇ ಬರ್ತೀರಿ. ಬಂದಾಗ ಬೈತೀರಿ." ಎಲ್ಲ ಸೇರಿ ಬಿಲ್ಲು ಅರ್ಧ ಕಂತಿನಷ್ಟೂ ಆಗಲಿಲ್ಲ.

ಸೊರಬ ಮುಟ್ಟಿದಾಗ ದಂಡಾವತಿ ಹೊಳೆಯ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ತೋಟದಲ್ಲಿ ಹಣ್ಣು ತುಂಬುವಾಗ ಮಾವ ಒಂದು ಫೋನ್ ಮಾಡಿದರು. ಗಾಡಿ ಕೊಡಲ್ಲ ಅಂತ ಆ ಕಡೆಯವರಿಗೆ ಹೇಳಿದ್ದು ನನಗೆ ಕೇಳಿಸಿತು.

ನಿಮ್ಮ ಕಾರಿನಲ್ಲೂ ಹೀಗಾದರೆ ಎರಡು ವಿಷಯ ನೆನಪಿಡಿ. ಎಂಜಿನ್ ಲೈಟು ಮಿಣುಕುತ್ತಿದ್ದರೆ ದೂರ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಇಂಜೆಕ್ಟರಿಗಿಂತ ದೊಡ್ಡ ಖರ್ಚು. ಇನ್ನೊಂದು, ಬಿಲ್ಲಿಗೆ ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: "ಅದಲುಬದಲು ಮಾಡಿ ನೋಡಿದ್ರಾ, ಕೋಡ್ ಜಾಗ ಬದಲಿಸ್ತಾ?" ನೋಡಿದವರು ಅರ್ಧ ಗಂಟೆ ವಿವರಿಸುತ್ತಾರೆ. ನೋಡದವರಿಗೆ ಸಿಟ್ಟು ಬರುತ್ತದೆ. ಎರಡರಿಂದಲೂ ನಿಮಗೆ ಉತ್ತರ ಸಿಗುತ್ತದೆ.