ಎರಡು ವಿಜಯನಗರ, ಕಪ್ಪುಬಿಳುಪಿನಲ್ಲಿ

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ರಥವಿದೆ, ಶಿಖರವಿಲ್ಲ. ಚಿತ್ರದ ಸ್ಥಳ, ಕಾಲಗಳು ತಿಳಿದಿರುವುದರಿಂದಲೇ ಆ ಕಪ್ಪುಬಿಳುಪು ಹಾಳೆ ಇತಿಹಾಸಕ್ಕೆ ಸಾಕ್ಷ್ಯವಾಗಿದೆ.

ಅದೇ ರಾಜಧಾನಿಯ ಹೆಸರು ಹೊತ್ತ ಬಡಾವಣೆಯೊಂದು ಬೆಂಗಳೂರಿನ ಪಶ್ಚಿಮದಲ್ಲಿದೆ. ಅಲ್ಲೊಂದು ಹಂಪಿನಗರವೂ ಉಂಟು. ಸಾದೃಶ್ಯ ಹೆಸರಿಗಷ್ಟೇ ನಿಲ್ಲುವುದಿಲ್ಲ. ವ್ಯಾಪಾರದ ನಿಮಿತ್ತ ನಾನಾ ದೇಶಗಳ ಜನ ಹಂಪೆಯಲ್ಲಿ ನೆರೆದಿದ್ದರೆಂದು 1520ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಬರೆದನು. ಹೊಸಹಳ್ಳಿ, ಅತ್ತಿಗುಪ್ಪೆಗಳ ಆಸುಪಾಸಿನಲ್ಲಿ ಬೆಳೆದ ಈ ವಿಜಯನಗರವೂ ಹೊರಗಿನಿಂದ ಬಂದವರ ಊರು. ಹಾಸನ, ಮಂಡ್ಯ, ತುಮಕೂರುಗಳಿಂದ, ಉತ್ತರ ಕರ್ನಾಟಕದಿಂದ, ನೆರೆರಾಜ್ಯಗಳಿಂದ ಉದ್ಯೋಗವನ್ನರಸಿ ಬಂದವರು ಇಲ್ಲಿ ಮನೆ ಹೂಡಿದರು.

ಇಂಥ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಗಿಲಾವು ಕಾಣದ ಗೋಡೆಯ ಮುಂದೆ ನಿಂತ ದಂಪತಿಗಳಿರುತ್ತಾರೆ. ಸ್ಟುಡಿಯೋದ ಪರದೆಯ ಮುಂದೆ ಕುರ್ಚಿಯ ತೋಳು ಹಿಡಿದ ಮಗುವಿರುತ್ತದೆ. ಒಂದು ಪ್ರತಿ ಇಲ್ಲಿ ಉಳಿಯುತ್ತಿತ್ತು, ಇನ್ನೊಂದು ಹುಟ್ಟೂರಿನ ಹಿರಿಯರಿಗೆ ಹೋಗುತ್ತಿತ್ತು. ನಗರದಲ್ಲಿ ನೆಲೆ ಸಿಕ್ಕಿತೆಂಬ ವಾರ್ತೆ ಅದು.

ಆದರೆ ಬಂದವರು ಎಲ್ಲಿಯವರೆಂಬುದನ್ನು ಕಪ್ಪುಬಿಳುಪು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೆಂಪು, ಹಸಿರುಗಳೆರಡೂ ಅಲ್ಲಿ ಒಂದೇ ಬೂದುಬಣ್ಣಕ್ಕೆ ಇಳಿಯಬಹುದು. ಇಳಕಲ್ ಸೀರೆಯ ಕೆಂಪು ಸೆರಗು ಬಣ್ಣ ಕಳೆದುಕೊಂಡಾಗ, ಅದರ ನೇಯ್ಗೆಯ ವಿನ್ಯಾಸವನ್ನು ಬಲ್ಲ ಕಣ್ಣು ಮಾತ್ರ ಅದನ್ನು ಗುರುತಿಸೀತು. ಹಾಗೆ ಗುರುತಿಸಬಲ್ಲವರು ಆ ಮನೆಯ ಅಜ್ಜಿಯರು. ಉಟ್ಟವಳು ಯಾರು, ಯಾವ ಊರಿನಿಂದ ಯಾವ ವರ್ಷ ಬಂದಳು, ಹಿಂದೆ ಕಾಣುವ ಹೆಂಚಿನ ಮನೆ ಯಾವ ಅಡ್ಡರಸ್ತೆಯಲ್ಲಿತ್ತು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಹೆಂಚಿನ ಮನೆಯ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿರಬಹುದು.

ಶಾಸನದ ಪಡಿಯಚ್ಚೂ ಕಪ್ಪುಬಿಳುಪಿನದೇ: ಕಪ್ಪು ನೆಲದಲ್ಲಿ ಬಿಳಿಯ ಅಕ್ಷರ. ಕಾಲ ಸೂಚಿಸದ ಶಾಸನವನ್ನು ಲಿಪಿಯ ಸ್ವರೂಪ ನೋಡಿಯಾದರೂ ಒಂದು ಶತಮಾನಕ್ಕೆ ಸೇರಿಸಬಹುದು. ಹೆಸರಿಲ್ಲದ ಮುಖಕ್ಕೆ ಆ ಅನುಕೂಲವಿಲ್ಲ. ವಲಸೆಯ ಚರಿತ್ರೆಯನ್ನು ಅರಸುವ ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗುವ ಮುನ್ನ ಒಂದು ಮೆತ್ತನೆಯ ಪೆನ್ಸಿಲ್ ಹಿಡಿದು ಅಜ್ಜಿಯ ಪಕ್ಕ ಕುಳಿತುಕೊಳ್ಳಬೇಕು. ಪ್ರತಿ ಚಿತ್ರದ ಬೆನ್ನಿಗೂ ಊರು, ಹೆಸರು, ವರ್ಷ ಬರೆಯಬೇಕು. ಗ್ರಂಥಾಲಯ ನಾಳೆಯೂ ತೆರೆದಿರುತ್ತದೆ.