ಉಳುವವರು ಯಾರು?

ಏಳನೇ ಕ್ಲಾಸಿನ ಮೊಮ್ಮಗ ಸಮಾಜ ಪಾಠ ಓದುತ್ತಾ ಕೇಳಿದ: "ಅಜ್ಜ, ಕಾನೂನು ಮಾಡೋರು ಶಾಸಕರು, ತೀರ್ಪು ಕೊಡೋರು ನ್ಯಾಯಾಧೀಶರು. ಎರಡನ್ನೂ ಒಬ್ಬರೇ ಮಾಡಬಹುದಾ?"

"ನಮ್ಮ ಕಾಲದಲ್ಲೇ ಮಾಡಿದ್ದರು ಮಗಾ" ಎಂದೆ.

ನಮ್ಮದು ಸೊರಬದ ಹತ್ತಿರದ ಹಳ್ಳಿ. ಆಗ ಗದ್ದೆಯ ಒಡೆಯರೊಬ್ಬರು, ಉಳುವವರೊಬ್ಬರು. ಉಳುವವರು ಒಡೆಯರಿಗೆ ಗೇಣಿ ಭತ್ತ ಅಳೆದು ಕೊಡಬೇಕಿತ್ತು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರಕ್ಕೇ 1951ರಲ್ಲಿ ರೈತರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಹೊಸ ಕಾನೂನು ಜಾರಿಗೆ ಬಂತು. ಗೇಣಿದಾರರು 7ನೇ ನಂಬರಿನ ಫಾರಂ ತುಂಬಿ ಕೊಟ್ಟರೆ, ಜಮೀನು ಯಾರಿಗೆಂದು ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅನೇಕ ಕಡೆ ಸದಸ್ಯರಲ್ಲಿ ಶಾಸಕರೂ ಇದ್ದರು. ವಿಧಾನಸಭೆಯಲ್ಲಿ ಕಾನೂನು ಮಾಡಿದವರೇ ಬಂದು ತೀರ್ಪಿಗೂ ಕೂತರು! ಮೊದಮೊದಲು ವಕೀಲರು ಅಲ್ಲಿ ವಾದಿಸುವಂತಿರಲಿಲ್ಲ.

ನಮ್ಮಪ್ಪನಿಗೆ ಮೂರೆಕರೆ ಗದ್ದೆಯಿತ್ತು. ಉಳುತ್ತಿದ್ದವರು ಕೆಳಗಿನ ಕೇರಿಯವರು. ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಎಲ್ಲಾ ಬಾಯಿಮಾತಿನ ಗೇಣಿ, ಕಾಗದಪತ್ರ ಏನೂ ಇರಲಿಲ್ಲ. ನಾನು ಬಿ.ಕಾಂ. ಮುಗಿಸಿ ಶಿಕಾರಿಪುರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಒಂದು ಭಾನುವಾರ ಊರಿಗೆ ಬಂದು ಲೆಕ್ಕದ ಪುಸ್ತಕವೊಂದನ್ನು ದುಂಡಗೆ ಬರೆದೆ. ಮಾವ ಗೇಣಿದಾರರಲ್ಲ, ನಮ್ಮ ಕೂಲಿಯಾಳು ಎಂದು ತೋರಿಸುವ ಹತ್ತು ವರ್ಷದ ಸುಳ್ಳು ಲೆಕ್ಕ. ತಪ್ಪೆಂದು ಗೊತ್ತಿತ್ತು. ಆದರೆ ತಂಗಿಯ ಮದುವೆ ಆಗಬೇಕಿತ್ತು.

ವಿಚಾರಣೆಯ ದಿನ ಅಪ್ಪ ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ನಾನೂ ಜೊತೆಗಿದ್ದೆ.

"ಗದ್ದೆ ಉಳುವವರು ಯಾರು?" ಎಂದು ಕೇಳಿದರು.

ಅಪ್ಪ ಮಾವನ ಕಡೆ ತಿರುಗಿ, "ಇವರೇ" ಎಂದರು. ಪುಸ್ತಕ ಬಿಚ್ಚಲೇ ಇಲ್ಲ.

ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಅಕ್ಷರ ಚೆನ್ನಾಗಿದೆ ಕಣೋ. ಬ್ಯಾಂಕಿನಲ್ಲಿ ಮಾತ್ರ ಹೀಗೆ ಬರೀಬೇಡ."

ಗದ್ದೆ ಮಾವನದಾಯಿತು. ತಂಗಿಯ ಮದುವೆ ಸಾಲದಲ್ಲಿ ನಡೆಯಿತು. ನನ್ನ ಸಂಬಳದಲ್ಲಿ ಆರು ವರ್ಷ ತೀರಿಸಿದೆ. ಮದುವೆಯ ಊಟಕ್ಕೆ ಅಕ್ಕಿ ಮಾತ್ರ ಮಾವನ ಮನೆಯಿಂದ ಬಂತು. ಅಪ್ಪ ಬೇಡವೆಂದರೂ ಅವರು ಕೇಳಲಿಲ್ಲ.

ಇಷ್ಟು ಹೇಳಿ, ಟ್ರಂಕಿನಿಂದ ಆ ಹಳೆಯ ಪುಸ್ತಕ ತೆಗೆದು ಮೊಮ್ಮಗನಿಗೆ ತೋರಿಸಿದೆ. ಅವನು ಹಾಳೆ ಮಗುಚುತ್ತಾ, "ಎಷ್ಟು ಚೆನ್ನಾಗಿ ಬರೆದಿದ್ದೀ ಅಜ್ಜ! ಯಾಕೆ ಇನ್ನೂ ಇಟ್ಟುಕೊಂಡಿದ್ದೀ?" ಎಂದ.

"ಇದರಲ್ಲಿ ಒಂದಕ್ಷರವೂ ನಿಜವಲ್ಲ ಮಗಾ. ಅದನ್ನು ಮರೆಯಬಾರದು ಅಂತ ಇಟ್ಟುಕೊಂಡಿದ್ದೇನೆ" ಎಂದೆ.